ಎರಡು ಪಟ್ಟಿಗೆ ಒಂದೇ ಹೆಸರು

೨ ಮೇ ೧೯೮೮, ಸೋಮವಾರ

ಇವತ್ತಿನಿಂದ ನನ್ನ ಪಟ್ಟಿ ಚಾಲ್ತಿಗೆ ಬಂತು. ಕಾರ್ಖಾನೆಯವರು ಕೊಟ್ಟ ಈ ಡೈರಿ ಜನವರಿಯಿಂದ ಖಾಲಿ ಬಿದ್ದಿತ್ತು. ಬರೆಯುವಂಥದ್ದು ಇವತ್ತು ಸಿಕ್ಕಿತು. ಕನ್ನಡದಲ್ಲೇ ಬರೆಯುತ್ತೇನೆ. ತಾಂಡೂರಿನಲ್ಲಿ ನಮ್ಮ ಮಾತು ಆಡುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಶಾಲೆಯಲ್ಲಿ ಕಲಿತದ್ದು ತೆಲುಗು, ಉರ್ದು. ಅಕ್ಷರ ಓದುವವರು ಕಡಿಮೆ. ನನಗೆ ನಾರಾಯಣಖೇಡದ ಮನೆಯಲ್ಲಿ ಅಪ್ಪ ಪಾಟಿ ಹಿಡಿಸಿ ಕಲಿಸಿದ್ದರು. ಇಲ್ಲಿ ಏನು ಬರೆದರೂ ಅದು ನನ್ನದೇ.

ನಮ್ಮ ಸಿಮೆಂಟ್ ಕಾರ್ಖಾನೆಯ ಸುಣ್ಣಕಲ್ಲಿನ ಗಣಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಒಂದೊಂದು ಮೆಟ್ಟಿಲೂ ಒಂದು ಹೊಲದಷ್ಟು ಅಗಲ. ಅದಕ್ಕೆ ಬೆಂಚು ಅನ್ನುತ್ತಾರೆ. ಅಂಥವು ಏಳು. ದಿನಾ ಮಧ್ಯಾಹ್ನ ಒಂದು ಗಂಟೆಗೆ ಅವುಗಳಲ್ಲಿ ಎರಡೋ ಮೂರೋ ಬೆಂಚಿನಲ್ಲಿ ಮದ್ದು ಸಿಡಿಸುತ್ತಾರೆ. ಅದಕ್ಕೆ ಮೊದಲು ಗಣಿ ಕಾವಲಿನ ಬಕ್ಕಪ್ಪ ಕಾಕಾ ಸೀಟಿ ಊದುತ್ತ ಹೋಗಿ ಕೂಲಿಯವರನ್ನೆಲ್ಲ ಹೊರಗೆ ಹಾಕಿ ಕೆಂಪು ಬಾವುಟ ಎತ್ತಬೇಕು. ಬಾವುಟ ಕಂಡ ಮೇಲೆಯೇ ಮದ್ದಿನ ಮೇಸ್ತ್ರಿ ಪೀರಪ್ಪ ಗುಂಡಿ ಒತ್ತುವುದು. ಇಷ್ಟು ದಿನ ಇಬ್ಬರು ಏಳೂ ಬೆಂಚು ತಿರುಗುತ್ತಿದ್ದರು. ಇನ್ನು ಆ ದಿನ ಸಿಡಿಯುವ ಬೆಂಚಿನ ನಂಬರು ಕಂಪ್ಯೂಟರಿನಿಂದ ಅಚ್ಚಾಗಿ ಬರುತ್ತದೆ. ಅಲ್ಲಿಗೆ ಮಾತ್ರ ಹೋದರೆ ಆಯಿತು. ಎರಡನೆಯವನನ್ನು ಕ್ರಷರಿಗೆ ಕಳಿಸಿದರು. ಆ ಪ್ರೋಗ್ರಾಮು ನನ್ನದು. ಸಿ ಭಾಷೆಯಲ್ಲಿ, ಆರು ವಾರ ಕೂತು ಬರೆದದ್ದು.

ಬಕ್ಕಪ್ಪ ಕಾಕಾನಿಗೆ ಅಂಕಿ ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ಅದಕ್ಕೇ ಅಂಕಿಗಳು ದೊಡ್ಡದಾಗಿ ಬರುವಂತೆ ಮಾಡಿದ್ದೆ. ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಮೂರು, ಏಳು. ಇಷ್ಟ ಏನ್ರಿ ಅಕ್ಕೋರ?”

“ಇಷ್ಟ ಕಾಕಾ. ಉಳಿದದ್ದಕ್ಕ ಹೋಗೂದು ಬ್ಯಾಡ.”

“ನನ್ನ ಮೊಣಕಾಲಿನ ಪುಣ್ಯಾ ನೋಡ್ರಿ,” ಅಂದು ನಕ್ಕರು.

ಸಂಜೆ ಸುಗಲಾಬಾಯಿ ಅತ್ತೆಗೆ ಇದನ್ನೆಲ್ಲ ಹೇಳಿದೆ. ಅತ್ತೆ ಅಪ್ಪನ ಅಕ್ಕ. ನೌಕರಿ ಸಿಕ್ಕಾಗಿನಿಂದ ನಾನು ಅವರ ಮನೆಯಲ್ಲೇ ಇದ್ದೇನೆ. ಪೂರ್ತಿ ತಿಳಿಯದಿದ್ದರೂ ಶೇಂಗಾ ಹೋಳಿಗೆ ಮಾಡಿದರು. ನಾಲ್ಕು ತಿಂದೆ.

೯ ಮೇ, ಸೋಮವಾರ

ಎರಡನೇ ಪ್ರೋಗ್ರಾಮೂ ಮುಗಿಯಿತು. ಯಾವ ಗ್ಯಾಂಗು ಯಾವ ಬೆಂಚಿನಲ್ಲಿ ಕಲ್ಲು ತುಂಬುತ್ತಿದೆ ಅನ್ನುವ ಹಾಜರಿ ಪಟ್ಟಿ. ಹೊಸದಾಗಿ ಬರೆಯುವ ಬದಲು ಮೊದಲಿನದನ್ನೇ ನಕಲು ಮಾಡಿ ಬೇಕಾದ ಕಡೆ ತಿದ್ದಿದೆ. ಎರಡೇ ದಿನ ಹಿಡಿಯಿತು. ಮ್ಯಾನೇಜರ್ ಆತ್ಮಾರಾಮ ಸಾಹೇಬರು ಬೆನ್ನ ಹಿಂದೆ ನಿಂತು ನೋಡಿ, “ಹೈದರಾಬಾದಿಂದ ಕರ್ಸಿದ್ರ ಆರ್ ತಿಂಗಳ ತಗೋತಿದ್ರು ನೋಡ್ರಿ ಉಮಾಬಾಯಿ,” ಅಂದರು. ಜೂನ್ ಹತ್ತಕ್ಕೆ ಹೆಡ್ ಆಫೀಸಿನವರು ಬರುತ್ತಾರಂತೆ. ಅವರು ನೋಡಿ ಹೋದ ಮೇಲೆ ನನ್ನ ನೌಕರಿ ಖಾಯಂ.

ಮದ್ದಿನ ಪಟ್ಟಿಯನ್ನು ಗಣಿ ಆಫೀಸಿನಲ್ಲಿ ನರಸಿಂಹುಲು ಟೈಪ್ ಮಾಡುತ್ತಾನೆ. ಹಾಜರಿ ಪಟ್ಟಿಯನ್ನು ಗೇಟಿನ ಆಫೀಸಿನಲ್ಲಿ ಅಂಜಪ್ಪ. ಎರಡೂ ಬರುವುದು ಒಂದೇ ಯಂತ್ರಕ್ಕೆ, ನನ್ನ ಕೋಣೆಗೆ. ನರಸಿಂಹುಲುವಿನ ತೆಲುಗು ಬೆರೆತ ಕನ್ನಡ ಕೇಳಿದರೆ ನಗು ಬರುತ್ತದೆ. ಅವನಿಗೂ ನಗಿಸುವ ಚಪಲ. ದಿನಾ ಹತ್ತೂವರೆಗೆ ಫೋನು ಮಾಡಿ, “ಮೇಡಂ, ಗುಡ್ಡ ಒಡೆಯೋ ಲಿಸ್ಟು ರೆಡಿ,” ಅನ್ನುತ್ತಾನೆ.

೧೩ ಮೇ, ಶುಕ್ರವಾರ

ಅಂಜಪ್ಪನ ಹಾಜರಿ ಪಟ್ಟಿಯ ಕೊನೆಗೆ ಇವತ್ತು ಎರಡು ಸಾಲು ಹೆಚ್ಚಿಗೆ ಬಂದಿದ್ದವು. ಬರೀ ಅಂಕಿ, ಹೆಸರಿಲ್ಲ. ಟೈಪಿಂಗ್ ಸರಿಯಾಗಿ ಕಲಿ ಅಂದೆ. ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಮತ್ತೆ ಅಚ್ಚು ಹಾಕಿದೆ, ಸರಿ ಬಂತು.

೧೭ ಮೇ, ಮಂಗಳವಾರ

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ಪಟ್ಟಿಯಲ್ಲಿ ಒಂದು ಮತ್ತು ಆರು ಅಂತ ಇತ್ತು. ಬಕ್ಕಪ್ಪ ಕಾಕಾ ಒಂದು ಮುಗಿಸಿ ಆರಕ್ಕೆ ಹೊರಟಿದ್ದರು. ದಾರಿಯಲ್ಲಿ ನಾಲ್ಕನೇ ಬೆಂಚಿನ ಅಂಚಿಗೆ ಮದ್ದಿನ ವೈರು ಕಾಲಿಗೆ ತೊಡರಿತಂತೆ. ನಾಲ್ಕರಲ್ಲಿ ಇವತ್ತು ಮದ್ದೇ ಇರಬಾರದು. ಬಗ್ಗಿ ನೋಡಿದರೆ ಕೆಳಗೆ ಹದಿನಾರು ಹೆಂಗಸರು ಬುಟ್ಟಿ ತುಂಬುತ್ತಿದ್ದರು. ಸೀಟಿ ಊದಿದರು, ಕೂಗಿದರು, ಒಬ್ಬಳ ಸೆರಗು ಹಿಡಿದೇ ಎಳೆದರಂತೆ. ಎಲ್ಲರೂ ಮೇಲೆ ಬಂದ ಮೇಲೆಯೇ ಬಾವುಟ ಎತ್ತಿದರು. ನಾಲ್ಕನೇ ಬೆಂಚು ಸಿಡಿಯಿತು.

ಮೂರು ಗಂಟೆಗೆ ಎಲ್ಲರನ್ನೂ ಸಾಹೇಬರ ಕೋಣೆಗೆ ಕರೆದರು. ನರಸಿಂಹುಲು ಮುಖ ಬೆಳ್ಳಗೆ ಮಾಡಿಕೊಂಡು ನಿಂತಿದ್ದ. “ಒಂದು, ನಾಲ್ಕು ಅಂತಾನೇ ಕೊಟ್ಟೀನಿ ಸಾರ್. ದೇವುಡಿ ಮೇಲೆ ಆಣೆ.”

“ಕಾಗದದ ಮ್ಯಾಲ ಆರು ಅದ. ನಾಲ್ಕು ಒತ್ತಾಕ ಹೋಗಿ ಆರು ಒತ್ತೀದಿ,” ಅಂದರು ಸಾಹೇಬರು. “ಮಷೀನ್ ಸುಳ್ಳ ಹೇಳಂಗಿಲ್ಲ. ಮನಷ್ಯಾ ಹೇಳ್ತಾನ. ಹೌದಲ್ರಿ ಉಮಾಬಾಯಿ?”

ಹೌದು ಅಂದೆ. ಹೌದಲ್ಲವೇ ಮತ್ತೆ?

೧೮ ಮೇ, ಬುಧವಾರ

ನರಸಿಂಹುಲುವನ್ನು ಲಾರಿ ತೂಗುವ ಕಟ್ಟೆಗೆ ಕಳಿಸಿದರು. ಅಲ್ಲಿ ದಿನವಿಡೀ ಧೂಳು. ಇನ್ನು ಎರಡೂ ಪಟ್ಟಿ ಅಂಜಪ್ಪನೇ ಟೈಪ್ ಮಾಡಬೇಕು. ಪ್ರೋಗ್ರಾಮನ್ನು ನಾನೇ ಹತ್ತು ಸಲ ಓಡಿಸಿ ನೋಡಿದೆ. ಹತ್ತೂ ಸಲ ಸರಿ.

ಆದರೂ ಶುಕ್ರವಾರದ ಆ ಎರಡು ಸಾಲು ಎಲ್ಲಿಂದ ಬಂದವು?

೧೯ ಮೇ, ಗುರುವಾರ

ಸಿಕ್ಕಿತು. ಮಧ್ಯಾಹ್ನ ಊಟದ ಹೊತ್ತಿಗೆ, ಕೋಣೆಯಲ್ಲಿ ಯಾರೂ ಇಲ್ಲದಾಗ.

ಟೈಪ್ ಮಾಡಿದ ಅಂಕಿಗಳನ್ನು ನನ್ನ ಪ್ರೋಗ್ರಾಮು ನೇರವಾಗಿ ಅಚ್ಚು ಹಾಕುವುದಿಲ್ಲ. ಮೊದಲು ಒಂದು ತಾತ್ಕಾಲಿಕ ಫೈಲಿನಲ್ಲಿ ಇಡುತ್ತದೆ, ಜೋಡಿಸುತ್ತದೆ, ಆಮೇಲೆ ಅಚ್ಚು ಹಾಕಿ ಆ ಫೈಲನ್ನು ಅಳಿಸುತ್ತದೆ. ಇಂಥ ಫೈಲುಗಳಿಗೆ ಯಂತ್ರದಲ್ಲಿ ಒಂದು ಜಾಗ ಇದೆ. ಊರ ನಡುವಿನ ಬಯಲಿನ ಹಾಗೆ, ಯಾರು ಬೇಕಾದರೂ ಇಡಬಹುದು, ಯಾರು ಬೇಕಾದರೂ ತೆಗೆಯಬಹುದು. ಅಲ್ಲಿ ನನ್ನ ಫೈಲಿಗೆ ‘ಪಟ್ಟಿ’ ಅಂತ ಹೆಸರಿಟ್ಟಿದ್ದೆ. ಹಾಜರಿ ಪ್ರೋಗ್ರಾಮನ್ನು ನಕಲು ಮಾಡಿದಾಗ ಎಲ್ಲವನ್ನೂ ತಿದ್ದಿದೆ, ಆ ಒಂದು ಸಾಲನ್ನು ತಿದ್ದಲಿಲ್ಲ. ಎರಡರ ಫೈಲಿಗೂ ಹೆಸರು ‘ಪಟ್ಟಿ’.

ಇಬ್ಬರೂ ಒಂದೇ ಹೊತ್ತಿಗೆ ಟೈಪ್ ಮಾಡಿದರೆ ಒಬ್ಬರದನ್ನು ಅಳಿಸಿ ಇನ್ನೊಬ್ಬರದು ಕೂರುತ್ತದೆ, ಇಲ್ಲವೇ ಕೊನೆಗೆ ಸೇರಿಕೊಳ್ಳುತ್ತದೆ. ಶುಕ್ರವಾರದ ಆ ಎರಡು ಸಾಲು ನರಸಿಂಹುಲುವಿನ ಬೆಂಚುಗಳು. ಮಂಗಳವಾರ ನರಸಿಂಹುಲು ಒಂದು, ನಾಲ್ಕು ಅಂತಲೇ ಕೊಟ್ಟಿದ್ದ. ಅದು ಅಚ್ಚಾಗುವುದರೊಳಗೆ ಅಂಜಪ್ಪನ ಗ್ಯಾಂಗುಗಳು ಬಂದು ಕೂತವು. ಅವನ ಸಾಲೂ ಬೆಂಚಿನ ನಂಬರಿನಿಂದಲೇ ಶುರು. ಅಷ್ಟರಲ್ಲಿ ಅವನು ಹಾಕಿದ್ದು ಎರಡೇ ಸಾಲು, ಒಂದು ಮತ್ತು ಆರು. ನಾನು ಒಬ್ಬಳೇ ಕೂತು ನೂರು ಸಲ ನೋಡಿದರೂ ಇದು ಕಾಣುವುದಿಲ್ಲ, ಯಾಕೆಂದರೆ ಆಗ ಇನ್ನೊಬ್ಬರು ಇರುವುದಿಲ್ಲ.

ಕೂಡಲೇ ತಿದ್ದಿದೆ. ಯಂತ್ರ ಪ್ರತಿ ಪ್ರೋಗ್ರಾಮಿಗೂ ಅದು ಓಡುವಾಗ ಒಂದು ನಂಬರು ಕೊಡುತ್ತದೆ. ಆ ನಂಬರನ್ನು ಫೈಲಿನ ಹೆಸರಿಗೆ ಅಂಟಿಸಿದೆ. ಇಬ್ಬರಿಗೆ ಒಂದೇ ನಂಬರು ಒಂದೇ ಹೊತ್ತಿಗೆ ಸಿಗುವುದಿಲ್ಲ. ಮುಗಿಯಿತು.

ನಾಳೆ ಬೆಳಿಗ್ಗೆ ಮೊದಲು ಸಾಹೇಬರಿಗೆ ಹೇಳಿ ನರಸಿಂಹುಲುವನ್ನು ವಾಪಸು ಕರೆಸಬೇಕು.

೨೦ ಮೇ, ಶುಕ್ರವಾರ

ಹೇಳಲು ಹೋದೆ. ಅವರು ಹೆಡ್ ಆಫೀಸಿಗೆ ಕಳಿಸುವ ಕಾಗದ ಓದಿ ಹೇಳುತ್ತಿದ್ದರು. ಅದರಲ್ಲಿ ನನ್ನ ಹೆಸರು ಎರಡು ಸಲ ಇತ್ತು. “ಈಗ ಯಾವುದೂ ಹೆಚ್ಚು ಕಡಿಮಿ ಆಗಬಾರ್ದು ನೋಡ್ರಿ. ಹತ್ತನೇ ತಾರೀಖ ಒಂದು ದಾಟ್ಲಿ,” ಅಂದರು. ಆಗಲಿ ಸರ್ ಅಂದು ಬಂದೆ.

ತಪ್ಪು ಹೇಗೂ ಸರಿಯಾಗಿದೆ. ಹನ್ನೊಂದನೇ ತಾರೀಖು ಹೇಳಿದರೂ ನಡೆಯುತ್ತದೆ. ಇಪ್ಪತ್ತು ದಿನ ತೂಗುಕಟ್ಟೆಯಲ್ಲಿ ಕೂತರೆ ಯಾರೂ ಸಾಯುವುದಿಲ್ಲ.

೨೩ ಮೇ, ಸೋಮವಾರ

ಹೈದರಾಬಾದಿನಲ್ಲಿ ನನಗೆ ಪಾಠ ಹೇಳಿದ ಕಾಶಿರಾಮ ಸರ್‌ಗೆ ಕಾಗದ ಬರೆದೆ. ತಾತ್ಕಾಲಿಕ ಫೈಲು ಮಾಡುವುದರಲ್ಲಿ ಏನೇನು ನೋಡಿಕೊಳ್ಳಬೇಕು ಅಂತ ಕೇಳಿ, ಪ್ರೋಗ್ರಾಮಿನ ಆ ಭಾಗವನ್ನೂ ಬರೆದು ಕಳಿಸಿದೆ. ಗೆಳತಿಯೊಬ್ಬಳು ಬರೆದದ್ದು ಅಂತ ಹಾಕಿದೆ. ಅಷ್ಟು ಸುಳ್ಳಿನಿಂದ ಏನೂ ಆಗುವುದಿಲ್ಲ.

೨೭ ಮೇ, ಶುಕ್ರವಾರ

ಬಸ್ ಸ್ಟ್ಯಾಂಡಿನಲ್ಲಿ ನರಸಿಂಹುಲು ಸಿಕ್ಕ. ತಲೆ, ಹುಬ್ಬು ಎಲ್ಲ ಧೂಳು. ನಮಸ್ಕಾರ ಮೇಡಂ ಅಂದ. ಜಹೀರಾಬಾದ್ ಬಸ್ಸಿನ ಬೋರ್ಡು ನೋಡುತ್ತಿದ್ದೆ, ಕೇಳಿಸಲಿಲ್ಲ ಅನ್ನುವ ಹಾಗೆ ಆಯಿತು. ನಿಜ ಹೇಳಬೇಕೆಂದರೆ ಅವನದೂ ತಪ್ಪಿದೆ. ಆಗ ಅಚ್ಚಾದ ಕಾಗದ ಗಣಿ ಆಫೀಸಿಗೇ ಮೊದಲು ಹೋಗುತ್ತಿತ್ತು, ಈಗಿನ ಹಾಗೆ ನನ್ನ ಕೋಣೆಯಿಂದ ನೇರ ಕಾಕಾನ ಕೈಗಲ್ಲ. ಒಮ್ಮೆ ಕಣ್ಣಾಡಿಸಿ ಕೊಡಬಹುದಿತ್ತು.

೩೦ ಮೇ, ಸೋಮವಾರ

ಎಲ್ಲ ಸರಿ. ಒಂದು ಗಂಟೆಗೆ ಎರಡು ಸದ್ದು. ಪಟ್ಟಿಯಲ್ಲೂ ಎರಡು.

೩೧ ಮೇ, ಮಂಗಳವಾರ

ಮೂರು. ಪಟ್ಟಿಯಲ್ಲಿ ಮೂರು.

ನನಗೆ ಊಟ ಸೇರುತ್ತಿಲ್ಲ ಅಂತ ಅತ್ತೆ ಅಪ್ಪನಿಗೆ ಬರೆಸಿದ್ದಾರೆ. ಬಿಸಿಲಿಗೆ ಯಾರಿಗೆ ತಾನೆ ಊಟ ಸೇರುತ್ತದೆ.

೩ ಜೂನ್, ಶುಕ್ರವಾರ

ಕಾಶಿರಾಮ ಸರ್ ಉತ್ತರ ಬಂದಿದೆ. ದಪ್ಪ ಲಕೋಟೆ. ಹತ್ತನೇ ತಾರೀಖಿನ ತಯಾರಿಯ ನಡುವೆ ಓದಲು ಪುರುಸೊತ್ತು ಇಲ್ಲ. ಹೇಗೂ ಹದಿನೈದು ದಿನದಿಂದ ಪಟ್ಟಿ ಸರಿಯಾಗಿಯೇ ಬರುತ್ತಿದೆ.

ಹನ್ನೊಂದು ಗಂಟೆಗೆ ಬಕ್ಕಪ್ಪ ಕಾಕಾ ಪಟ್ಟಿ ಇಸಿದುಕೊಳ್ಳಲು ಬಂದವರು ಹೋಗದೆ ಬಾಗಿಲಲ್ಲೇ ನಿಂತರು.

“ಅಕ್ಕೋರ, ಒಂದ್ ಮಾತ್ ಕೇಳ್ಲೇನ್ರಿ? ನಾ ಮದ್ಲಿನಂಗ ಏಳೂ ಬೆಂಚ ತಿರಗ್ತೀನ್ರಿ. ಆ ದಿನದಿಂದ ನನಗ ಎದಿ ಧಡ್ ಧಡ್ ಅಂತದ.”

“ಒಬ್ಬರ ಹ್ಯಾಂಗ ತಿರಗ್ತೀರಿ ಕಾಕಾ? ಒಂದ್ ಗಂಟೆದಾಗ ಮುಗಿಯಂಗಿಲ್ಲ.”

“ನಸುಕಿಲೇ ಬರ್ತೀನ್ರಿ. ಸಾಹೇಬ್ರಿಗಿ ನೀವೊಂದ್ ಮಾತ್ ಹೇಳ್ರಿ.”

ಸಾಹೇಬರಿಗೆ ಹೇಳಿದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂತ ಕೇಳಿದರೆ ಮಾತು ಎಲ್ಲಿಗೆ ಹೋಗುತ್ತದೋ. “ಈಗ ಪೂರಾ ಸರಿ ಆಗ್ಯಾದ ಕಾಕಾ. ನನ್ನ ಮಾತಿನ ಮ್ಯಾಲ ಭರೋಸಾ ಇಡ್ರಿ,” ಅಂದೆ.

“ನೀವ್ ಅಂದ್ ಮ್ಯಾಲ ಆತು ಬಿಡ್ರಿ,” ಅಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡು ಹೋದರು.

೪ ಜೂನ್, ಶನಿವಾರ

ಗಾಳಿ, ಎರಡು ಹನಿ ಮಳೆ. ಪಟ್ಟಿ ಅಚ್ಚಾಗುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಬಂದ ಮೇಲೆ ಅಂಜಪ್ಪ ಮೊದಲಿನಿಂದ ಟೈಪ್ ಮಾಡಿದ. ಎರಡು ಮತ್ತು ಐದು. ಎರಡು ಸದ್ದು.

೬ ಜೂನ್, ಸೋಮವಾರ

ಬಕ್ಕಪ್ಪ ಕಾಕಾ ಸತ್ತರು.

೭ ಜೂನ್, ಮಂಗಳವಾರ

ಪಟ್ಟಿಯಲ್ಲಿ ಎರಡು ಮತ್ತು ಐದು ಅಂತ ಇತ್ತು. ತಾರೀಖು ಸೋಮವಾರದ್ದು. ನಾನೇ ಪ್ರಿಂಟರಿನಿಂದ ಹರಿದು ಕೊಟ್ಟೆ. ನಿಜವಾಗಿ ಮದ್ದು ಇಟ್ಟದ್ದು ಮೂರಕ್ಕೆ ಮತ್ತು ಆರಕ್ಕೆ. ಎರಡನ್ನೂ ಐದನ್ನೂ ಖಾಲಿ ಮಾಡಿಸಿ, ಎರಡೂ ಕಣ್ಣಿಗೆ ಬೀಳುತ್ತವೆ ಅಂತ ಅವರು ಮೂರನೇ ಬೆಂಚಿನ ಗೋಡೆಗೆ ಬೆನ್ನು ಕೊಟ್ಟು ನಿಂತರು. ಬಾವುಟ ಎತ್ತಿದರು. ಆಚೆ ದಿಬ್ಬದ ಮೇಲಿದ್ದ ಪೀರಪ್ಪನಿಗೆ ಬಾವುಟದ ತುದಿ ಮಾತ್ರ ಕಂಡಿತು. ಗುಂಡಿ ಒತ್ತಿದ.

ಆರನೇ ಬೆಂಚಿನ ಹೆಂಗಸರು ಊಟಕ್ಕೆ ದೂರದ ಬೇವಿನ ಮರದ ಕೆಳಗೆ ಹೋಗಿದ್ದರು. ಹಾಗಾಗಿ ಉಳಿದರು.

ನಾನು ಎಣಿಸಿದ್ದೆ. ಎರಡು ಸದ್ದು. ಪಟ್ಟಿಯಲ್ಲೂ ಎರಡು. ಲೆಕ್ಕ ಸರಿ ಇದೆ ಅಂದುಕೊಂಡು ಬುತ್ತಿ ಬಿಚ್ಚಿದ್ದೆ. ಆಮೇಲೆ ಸೈರನ್ನು ಆಯಿತು.

೮ ಜೂನ್, ಬುಧವಾರ

ಕೆಲಸಕ್ಕೆ ಹೋದೆ. ಯಾರೂ ಬೇಡ ಅನ್ನಲಿಲ್ಲ.

ನಡೆದದ್ದು ಇಷ್ಟು. ನಮ್ಮಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುತ್ತದೆ. ಟೈಪ್ ಮಾಡಿದ್ದು ವ್ಯರ್ಥವಾಗಬಾರದು ಅಂತ ಮೊದಲೇ ಒಂದು ಅನುಕೂಲ ಮಾಡಿಟ್ಟಿದ್ದೆ. ಪ್ರೋಗ್ರಾಮು ಶುರುವಾದಾಗ ಅದೇ ಹೆಸರಿನ ಫೈಲು ಉಳಿದಿದ್ದರೆ, ಮತ್ತೆ ಕೇಳದೆ ಅದರಲ್ಲಿದ್ದದ್ದನ್ನೇ ಅಚ್ಚು ಹಾಕುತ್ತದೆ. ಹತ್ತೊಂಬತ್ತನೇ ತಾರೀಖು ಹೆಸರಿಗೆ ನಂಬರು ಅಂಟಿಸಿದೆನೇ ಹೊರತು ಆ ಅನುಕೂಲವನ್ನು ತೆಗೆಯಲಿಲ್ಲ. ಶನಿವಾರ ಕರೆಂಟು ಹೋದಾಗ ಎರಡು ಮತ್ತು ಐದು ಇದ್ದ ಫೈಲು ಅಲ್ಲೇ ಉಳಿಯಿತು. ಯಂತ್ರ ಆರಿ ಹೊತ್ತಿದಾಗಲೆಲ್ಲ ನಂಬರುಗಳನ್ನು ಮತ್ತೆ ಒಂದರಿಂದ ಎಣಿಸುತ್ತದೆ. ಸೋಮವಾರ ಅಂಜಪ್ಪ ಮೂರು, ಆರು ಅಂತ ಟೈಪ್ ಮಾಡುವಷ್ಟರಲ್ಲಿ ಮತ್ತೆ ಕರೆಂಟು ಹೋಗಿ ಬಂತು. ಎರಡನೇ ಸಲ ಶುರು ಮಾಡಿದಾಗ ಪ್ರೋಗ್ರಾಮಿಗೆ ಸಿಕ್ಕಿದ್ದು ಶನಿವಾರದ ನಂಬರೇ. ಹಳೆಯ ಫೈಲು ಕಂಡಿತು. ಕೇಳದೆ ಅಚ್ಚು ಹಾಕಿತು. ತಾನು ಟೈಪ್ ಮಾಡಿದ್ದೇ ಬಂತು ಅಂದುಕೊಂಡ ಅಂಜಪ್ಪ.

ಈಗ ಲಕೋಟೆ ಒಡೆದೆ. ಕಾಶಿರಾಮ ಸರ್ ನಾಲ್ಕು ಪುಟ ಬರೆದಿದ್ದಾರೆ. “ನಿನ್ನ ಗೆಳತಿಗೆ ಹೇಳು, ಹೆಸರು ಖಾಲಿ ಇದೆಯೋ ಅಂತ ಮೊದಲು ಕೇಳಿ ಆಮೇಲೆ ಫೈಲು ತೆರೆಯಬಾರದು. ಕೇಳುವುದಕ್ಕೂ ತೆರೆಯುವುದಕ್ಕೂ ನಡುವೆ ಒಂದು ಸಂದು ಇರುತ್ತದೆ, ಅದರಲ್ಲಿ ಯಾರು ಬೇಕಾದರೂ ನುಗ್ಗಬಹುದು. ಎರಡನ್ನೂ ಒಂದೇ ಅಪ್ಪಣೆಯಲ್ಲಿ ಮಾಡಬೇಕು. ಹೊಸದಾದರೆ ಮಾತ್ರ ತೆರೆ, ಮೊದಲೇ ಇದ್ದರೆ ಒಲ್ಲೆ ಅನ್ನು. ಓದುವ ಬರೆಯುವ ಅಧಿಕಾರ ತನಗೊಬ್ಬಳಿಗೇ ಇಟ್ಟುಕೊಳ್ಳಲಿ. ತೆರೆದ ಕೂಡಲೇ ಆ ಹೆಸರನ್ನು ಅಳಿಸಿಬಿಡಲಿ. ಫೈಲು ಪ್ರೋಗ್ರಾಮಿನ ಕೈಯಲ್ಲೇ ಇರುತ್ತದೆ, ಪ್ರೋಗ್ರಾಮು ಸತ್ತರೆ ಅದೂ ಸಾಯುತ್ತದೆ. ನಂಬರು ಅಂಟಿಸಿದರೆ ಸಾಕು ಅಂತ ತಿಳಿಯಬೇಡಿ. ನಂಬರು ತಿರುಗಿ ಬರುತ್ತದೆ. ಹಳೆಯ ಫೈಲು ಕಂಡರೆ ಅಚ್ಚು ಹಾಕುವ ಸಾಲನ್ನು ಇವತ್ತೇ ತೆಗೆಯಿರಿ. ಅದು ಬಹಳ ಅಪಾಯದ ಸಾಲು.”

ಮೇ ಇಪ್ಪತ್ತೆಂಟರ ಕಾಗದ. ಶುಕ್ರವಾರದಿಂದ ನನ್ನ ಮೇಜಿನ ಖಾನೆಯಲ್ಲಿತ್ತು.

೯ ಜೂನ್, ಗುರುವಾರ

ಸಾಹೇಬರಿಗೆ ಎಲ್ಲ ಹೇಳಿದೆ. ಎದ್ದು ಬಾಗಿಲು ಹಾಕಿ ಬಂದು ಕೂತರು.

“ಯಾರಿಗರ ಹೇಳೀರೇನು?”

“ಇಲ್ರಿ.”

“ಛಲೋ ಆತು. ಹದಿನಾಲ್ಕಕ್ಕ ಗಣಿ ಸುರಕ್ಷತಾ ಅಧಿಕಾರಿ ವಿಚಾರಣಾಕ್ಕ ಬರ್ತಾರ. ಬಕ್ಕಪ್ಪಗ ಓದಾಕ ಬರ್ತಿದ್ದಿಲ್ಲ. ಮೂರು, ಆರು ಅಂತ ಇದ್ದದ್ದು ಎರಡು, ಐದು ಅಂತ ಓದಿಕೊಂಡ. ಓದೂದ್ರಾಗ ತಪ್ಪ ಆಗ್ಯಾದ.”

“ಕಾಗದದಾಗ ಎರಡು, ಐದ ಇತ್ರಿ ಸರ್.”

“ಆ ಕಾಗದ ಎಲ್ಲದ? ಅವನ ಜೇಬಿನ್ಯಾಗ ಇತ್ತು.” ದನಿ ಇಳಿಸಿದರು. “ನಿಮಗಿನ್ನೂ ಇಪ್ಪತ್ತಾರ್ ವರ್ಷ, ಉಮಾಬಾಯಿ. ಹಳೇ ಪ್ರೋಗ್ರಾಮ್ ಇವತ್ತ ಅಳಿಸಿಬಿಡ್ರಿ. ಹೊಸಾದು ಹಾಕ್ರಿ. ಮಷೀನಿನ್ಯಾಗ ಏನೂ ಉಳೀಬಾರ್ದು.”

ಕೋಣೆಗೆ ಬಂದು ಯಂತ್ರದ ಮುಂದೆ ಕೂತೆ. ಅಳಿಸಲು ಬರೀ ಎರಡು ಶಬ್ದ ಟೈಪ್ ಮಾಡಬೇಕು. ಟೈಪ್ ಮಾಡಿದೆ. ಕೊನೆಯ ಗುಂಡಿ ಒತ್ತದೆ ಗೋಡೆಯ ಗಡಿಯಾರ ನೋಡುತ್ತ ಕೂತಿದ್ದೆ. ಬಾಗಿಲ ಹೊರಗೆ ಯಾರೋ ಚಪ್ಪಲಿ ಎಳೆಯುತ್ತ ಬಂದ ಹಾಗಾಯಿತು, ಪಟ್ಟಿ ಕೇಳಲು ಬಂದವರ ಹಾಗೆ. ಯಾರೂ ಇರಲಿಲ್ಲ.

ಟೈಪ್ ಮಾಡಿದ್ದನ್ನು ಅಳಿಸಿ, ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅಚ್ಚು ಹಾಕಿದೆ. ಯಂತ್ರ ಪ್ರತಿ ಪುಟದ ತಲೆಯ ಮೇಲೆ ತಾನೇ ತಾರೀಖು ಹಾಕುತ್ತದೆ, ಕೊನೆಯ ಸಲ ತಿದ್ದಿದ್ದು ಯಾವಾಗ ಅಂತ. ೧೯ ಮೇ, ಮಧ್ಯಾಹ್ನ ೧ ಗಂಟೆ ೪೦ ನಿಮಿಷ. ಹನ್ನೊಂದು ಪುಟ. ಸೀರೆಯ ನೆರಿಗೆಗೆ ಸಿಕ್ಕಿಸಿ ಗೇಟು ದಾಟಿದೆ.

೧೦ ಜೂನ್, ಶುಕ್ರವಾರ

ಹೆಡ್ ಆಫೀಸಿನವರು ಬರಲಿಲ್ಲ.

ಒಂದು ಗಂಟೆಗೆ ಸದ್ದೂ ಇಲ್ಲ, ಗಣಿ ಮುಚ್ಚಿದೆ. ಆದರೂ ಆ ಹೊತ್ತಿಗೆ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅಂಜಪ್ಪ ಯಾಕೆ ಅಂತ ಕೇಳಿದಾಗಲೇ ನನಗೆ ತಿಳಿದದ್ದು.

೧೨ ಜೂನ್, ಭಾನುವಾರ

ಗಣಿಯ ಹಿಂದಿನ ಹಳ್ಳಿಗೆ ಹೋಗಿದ್ದೆ. ಬಕ್ಕಪ್ಪ ಕಾಕಾನ ಮನೆ ಕೇಳಿದರೆ ಒಬ್ಬ ಮುದುಕ ಕೋಲೆತ್ತಿ ತೋರಿಸಿದ.

ಭೀಮಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಕಾಕಾನ ಹೆಂಡತಿಯನ್ನು ನಾನು ನೋಡಿದ್ದು ಇದೇ ಮೊದಲು. ಹಣೆ ಬರಿದಾಗಿತ್ತು. ಕಾರ್ಖಾನೆಯವಳು ಅಂದಾಗ ಕೈ ನಿಲ್ಲಿಸದೆ ಕೂಡ್ರಿ ಅಂದರು.

ಕೂತೆ. ಹೇಗೆ ಶುರು ಮಾಡಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದ್ದು ಒಂದೂ ನೆನಪಿಗೆ ಬರಲಿಲ್ಲ. “ಆ ಪಟ್ಟಿ ಮಾಡಿದಾಕಿ ನಾನ ರಿ,” ಅಂದೆ.

“ಅಕ್ಕೋರು ಅಂತಿದ್ದ. ನೀವೇನು?”

ಹೌದು ಅಂದೆ. ಕಂಪ್ಯೂಟರ್ ಅಂದರೇನು ಅಂತ ಹೇಳಲು ಹೋಗಲಿಲ್ಲ. ಅವರ ಪಕ್ಕದಲ್ಲಿ ಎರಡು ಚೀಲ ಇದ್ದವು, ಅವನ್ನೇ ತೋರಿಸಿದೆ. “ಸಂತ್ಯಾಗ ಎರಡ್ ಮನಿಯವರ ಚೀಲಕ್ಕ ಒಂದ ಗುರ್ತ ಹಾಕಿದ್ರ ಹ್ಯಾಂಗ ಆಗ್ತದ, ಹಂಗ ಮಾಡಿದ್ದೆ ರಿ. ಒಬ್ಬರ ಕಾಳಿನ ಜಾಗಾದಾಗ ಇನ್ನೊಬ್ಬರ ಕಾಳ ಬಂತು. ಅದು ಮದ್ಲನೇ ಸಲ. ಹೆಂಗಸರು ಉಳಿದ್ರಲ್ಲ, ಆವತ್ತು. ಅದನ್ನ ತಿದ್ದಿದೆ, ಆದ್ರ ಅರ್ಧಾ ತಿದ್ದಿದೆ. ಚೀಲ ಖಾಲಿ ಅದನೋ ಇಲ್ಲೋ ನೋಡಲಿಲ್ಲ. ಹಿಂದಿನ ದಿನದ ಕಾಳ ತಳದಾಗ ಉಳಿದಿತ್ತು. ಅದನ್ನ ಕಾಕಾನ ಕೈಯಾಗ ಕೊಟ್ಟೆ.”

ಅವರ ಕೈ ಈಗ ನಿಂತಿತು. ಮೊರವನ್ನು ಪಕ್ಕಕ್ಕೆ ಇಟ್ಟರು.

“ಅಂದ್ರ ಅವ ತಪ್ಪ ಓದಿಲ್ಲ?”

“ಇಲ್ಲ ರಿ. ಇದ್ದಂಗ ಓದ್ಯಾರ.”

“ಊರಾಗ ಎಲ್ರೂ ಅಂತಾರ, ಬಕ್ಕಪ್ಪ ಓದೂದ್ ತಪ್ಪ್ಯಾನ ಅಂತ. ನಾನೂ ಖರೆ ಅನಕೊಂಡಿದ್ದೆ,” ಅಂದರು. ಆಮೇಲೆ ನನ್ನ ಕಡೆ ನೇರವಾಗಿ ನೋಡಿ ಕೇಳಿದರು, “ಗುರ್ತ ತಪ್ಪ್ಯಾದ ಅಂತ ನಿಮಗ ಯಾವಾಗ ಗೊತ್ತಾತು?”

ಈ ಪ್ರಶ್ನೆಯನ್ನು ಇಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ. ಸಾಹೇಬರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

“ಕಾಕಾ ಹೋಗೂದಕ್ಕ ಹದಿನೆಂಟ್ ದಿನಾ ಮದ್ಲ,” ಅಂದೆ.

“ಹದಿನೆಂಟ್ ದಿನಾ.” ಬೆರಳು ಮಡಚಿ ಎಣಿಸಿದರು. ಒಂದು ಕೈ, ಇನ್ನೊಂದು ಕೈ, ಮತ್ತೆ ಮೊದಲ ಕೈ, ಇನ್ನೊಂದರ ಮೂರು ಬೆರಳು. “ನಡಬರ್ಕ ಒಂದಿನಾ ಅವ ಹುಳಿ ಮುಖಾ ಮಾಡಿ ಬಂದಿದ್ದ. ಏಳೂ ಬೆಂಚ ತಿರಗ್ತೀನಿ ಅಂತ ಅಕ್ಕೋರಿಗಿ ಕೇಳ್ದೆ, ಬ್ಯಾಡ ಅಂದ್ರು ಅಂದ. ಹೌದೇನು?”

“ಹೌದ್ರಿ.”

ಬೈಯಲಿಲ್ಲ. ಬೈದರೆ ಚೆನ್ನಾಗಿತ್ತು. ಎದ್ದು ಒಳಗೆ ಹೋದರು. ನಾನು ಅಂಗಳದಲ್ಲೇ ಕೂತಿದ್ದೆ. ಬಿಸಿಲು ಗೋಡೆ ಹತ್ತಿತು. ಅವರು ಬಾಗಿಲಿಗೆ ಬಂದು, “ಇದನ್ನ ಇಲ್ಲಿ ಹೇಳಿದ್ರ ಏನ್ ಬಂತು? ಅಲ್ಲಿ ಹೇಳ್ರಿ. ದಿನಾ ಸಹಿತ ಹೇಳ್ರಿ,” ಅಂದು ಬಾಗಿಲು ಮುಂದಕ್ಕೆ ಮಾಡಿಕೊಂಡರು.

೧೩ ಜೂನ್, ಸೋಮವಾರ

ತೂಗುಕಟ್ಟೆಗೆ ಹೋಗಿ ನರಸಿಂಹುಲುವಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ. “ಮನೆಯಲ್ಲಿ ನನ್ನ ಹೆಂಡತಿ ಕೂಡ ನಂಬಲಿಲ್ಲ ಮೇಡಂ. ಕೊನೆಗೆ ನಾನೂ ನನ್ನನ್ನು ನಂಬೋದು ಬಿಟ್ಟಿದ್ದೆ. ಆರೇ ಒತ್ತಿದ್ದೆನೇನೋ ಅಂತ,” ಅಂದ. ಒಂದು ಲಾರಿ ಬಂತು, ತೂಕ ನೋಡಲು ಎದ್ದು ಹೋದ.

ಅಪ್ಪ ಬಂದಿದ್ದಾರೆ. ಹಾಳೆಗಳನ್ನು ತೋರಿಸಿದೆ. ಇಂಗ್ಲಿಷ್ ಓದಲು ಬಾರದಿದ್ದರೂ ಹನ್ನೊಂದೂ ಪುಟ ಒಂದೊಂದಾಗಿ ತಿರುವಿದರು. ಕೊನೆಗೆ, “ನೌಕರಿ ಹೋಗ್ತದಲ್ಲವಾ?” ಅಂತ ಕೇಳಿದರು. ಹೋಗುತ್ತದೆ ಅಂದೆ. “ಹೋಗ್ಲಿ. ನಾಳಿ ನಾ ನಿನ್ನ ಜೋಡಿ ಬರ್ತೀನಿ, ಹೊರಗ ಕುಂಡ್ರತೀನಿ,” ಅಂದರು.

೧೪ ಜೂನ್, ಮಂಗಳವಾರ

ವಿಚಾರಣೆ ಗೆಸ್ಟ್ ಹೌಸಿನಲ್ಲಿ ನಡೆಯಿತು. ಅಧಿಕಾರಿ ವಯಸ್ಸಾದವರು, ಮೆತ್ತಗಿನ ದನಿ. ಪಕ್ಕದಲ್ಲಿ ಒಬ್ಬ ಗುಮಾಸ್ತ ಬರೆದುಕೊಳ್ಳುತ್ತಿದ್ದ. ಸಾಹೇಬರು ಮೊದಲು ಹೇಳಿದರು. ಕಾವಲುಗಾರನಿಗೆ ಓದಲು ಬರುತ್ತಿರಲಿಲ್ಲ, ಓದುವುದರಲ್ಲಿ ತಪ್ಪಾಗಿದೆ.

ಆಮೇಲೆ ನನ್ನನ್ನು ಕರೆದರು. ಈ ಪಟ್ಟಿಯ ಪ್ರೋಗ್ರಾಮು ನಿಮ್ಮದೇ? ಹೌದು. ಈಗ ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ? ಗಣಿ ಮುಚ್ಚಿರುವುದರಿಂದ ಓಡಿಸಿಲ್ಲ. ಸರಿ, ನೀವು ಹೋಗಬಹುದು.

ಅಷ್ಟೇ. ಸಾಹೇಬರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಏಳಲಿಲ್ಲ. “ಬಕ್ಕಪ್ಪ ಸರಿಯಾಗಿಯೇ ಓದಿದ್ದರು. ಕಾಗದವೇ ತಪ್ಪಾಗಿತ್ತು,” ಅಂದೆ. ಹಾಳೆಗಳನ್ನು ಅವರ ಮುಂದೆ ಇಟ್ಟೆ. ಎರಡು ಪಟ್ಟಿಗೆ ಒಂದೇ ಹೆಸರು ಬಿದ್ದದ್ದು, ಶನಿವಾರದ ಫೈಲು ಉಳಿದದ್ದು, ಎಲ್ಲ ಹೇಳಿದೆ. ನರಸಿಂಹುಲು ನಾಲ್ಕು ಅಂತಲೇ ಕೊಟ್ಟಿದ್ದ ಅಂದೆ. ಗುಮಾಸ್ತನ ಪೆನ್ನು ನಿಂತಿತು. ಅಧಿಕಾರಿ ಬರೆದುಕೋ ಅಂದರು. ಆಮೇಲೆ ಯಾರೂ ಕೇಳದಿದ್ದರೂ ಮೊದಲ ಪುಟದ ತಲೆಯ ಮೇಲೆ ಬೆರಳಿಟ್ಟು, ತಪ್ಪು ನನಗೆ ತಿಳಿದದ್ದು ಈ ದಿನ, ಅವರು ಸತ್ತದ್ದು ಹದಿನೆಂಟು ದಿನ ಆದ ಮೇಲೆ, ನಡುವೆ ಅವರು ಏಳೂ ಬೆಂಚು ತಿರುಗುತ್ತೇನೆ ಅಂದಾಗ ಬೇಡ ಅಂದವಳು ನಾನೇ ಅಂದೆ. ಈ ಪ್ರೋಗ್ರಾಮನ್ನು ಅಳಿಸಲು ನನಗೆ ಹೇಳಿದ್ದರು ಅಂದೆ. ಹೇಳಿದ್ದು ಯಾರು ಅಂತ ಕೇಳಿದರು. ಅದನ್ನೂ ಹೇಳಿದೆ.

ಹನ್ನೊಂದೂ ಪುಟಕ್ಕೆ ಸಹಿ ಹಾಕಿಸಿಕೊಂಡರು. ಇನ್ನು ಮುಂದೆ ಕಾಗದ ಇರಲಿ ಬಿಡಲಿ, ದಿನಾ ಇಬ್ಬರು ಏಳೂ ಬೆಂಚನ್ನು ಕಾಲಿನಲ್ಲಿ ನಡೆದು ನೋಡಿದ ಮೇಲೆಯೇ ಮದ್ದು ಅಂತ ಅಲ್ಲೇ ಆಜ್ಞೆ ಬರೆಸಿದರು. ನನ್ನನ್ನು ಮಧ್ಯಾಹ್ನದಿಂದಲೇ ಕೆಲಸದಿಂದ ನಿಲ್ಲಿಸಿದ್ದಾರೆ. ಮುಂದೆ ಏನೇನು ಆಗುತ್ತದೆ ಅನ್ನುವುದನ್ನು ಕಾಗದದ ಮೂಲಕ ತಿಳಿಸುತ್ತಾರಂತೆ.

ಹೊರಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ರಸ್ತೆಯ ಆಚೆ ಬಸ್ಸಿಗೆ ಕಾಯುತ್ತ ಭೀಮಮ್ಮ ನಿಂತಿದ್ದರು. ಅವರನ್ನೂ ಬೆಳಿಗ್ಗೆ ಕರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ. ರಸ್ತೆ ದಾಟಿ ಹತ್ತಿರ ಹೋದೆ.

“ಹೇಳಿದ್ರ್ಯಾ?”

“ಹೇಳಿದೆ ರಿ.”

“ದಿನಾ?”

“ದಿನಾನೂ ಹೇಳಿದೆ.”

ತಲೆಯಾಡಿಸಿದರು. ಬಸ್ಸು ಬಂತು. ಅವರ ಕೈಯಲ್ಲಿ ಚೀಲ ಇತ್ತು, ಮೆಟ್ಟಿಲು ಎತ್ತರ ಇತ್ತು. ಹಿಡಿಯಲು ನಾನು ಕೈ ಚಾಚಿದೆ. ಅವರು ಆ ಕೈಯನ್ನು ಒಂದು ಸಲ ನೋಡಿ, ಬಾಗಿಲಿನ ಕಂಬಿಯನ್ನು ಹಿಡಿದು ತಾವೇ ಹತ್ತಿದರು.